ಹನ್ನೆರಡು ಜೊತೆ ಲೋಲಾಕು, ಎರಡು ಮುತ್ತಿನ ಸರ: ತಂತಿಯಿಂದ ಪಾರ್ಸೆಲ್‌ವರೆಗೆ

ಆರ್ಡರ್ ಮುಗಿದು ಪಾರ್ಸೆಲ್ ಹೋಗಿದೆ. ಅಳತೆ, ಹಿಡಿದ ಹೊತ್ತು, ಹಾಳಾದ ಸಾಮಾನು ಎಲ್ಲ ನೆನಪಿರುವಾಗಲೇ ಬರೆದಿಡುತ್ತಿದ್ದೇನೆ. ಮನೆಯಲ್ಲೇ ಕೂತು ಬೆಳ್ಳಿ ತಂತಿಯ ಒಡವೆ ಮಾಡಿ ಮಾರುವವರಿಗೆ ಇದರಲ್ಲಿ ಏನಾದರೂ ಸಿಗಬಹುದು.

ಈ ಕೆಲಸಕ್ಕೆ ಕೈ ಹಾಕುವ ಮೊದಲು, ಹಿಂದೆ ಮಾರಿದ್ದರಲ್ಲಿ ರಿಪೇರಿಗೆ ವಾಪಸ್ ಬಂದಿದ್ದನ್ನೆಲ್ಲ ಸಾಲಾಗಿ ಇಟ್ಟು ನೋಡಿದ್ದೆ. ಮಣಿ ಒಡೆದು ಬಂದಿದ್ದು ಅಪರೂಪ. ಹೆಚ್ಚುಕಮ್ಮಿ ಎಲ್ಲವೂ ಕೊಂಡಿಯಲ್ಲೇ ಹೋಗಿದ್ದವು. ಒಂದರಲ್ಲಿ ಕೊಕ್ಕೆ ಬಾಗಿತ್ತು, ಇನ್ನೊಂದರಲ್ಲಿ ರಿಂಗ್ ಬಾಯಿ ಬಿಟ್ಟಿತ್ತು, ಮತ್ತೊಂದರಲ್ಲಿ ತಂತಿ ಲಾಕ್ (ತಂತಿಯ ತುದಿಯನ್ನು ಒತ್ತಿ ಹಿಡಿಯುವ ಪುಟ್ಟ ಲೋಹದ ಕೊಳವೆ) ಪಕ್ಕದಲ್ಲೇ ತುಂಡಾಗಿತ್ತು. ಗಿರಾಕಿಗಳು ಮಣಿ ನೋಡಿ ಕೊಳ್ಳುತ್ತಾರೆ, ಕೊಂಡಿ ಕೈಕೊಟ್ಟಾಗ ವಾಪಸ್ ಕಳಿಸುತ್ತಾರೆ. ಹಾಗಾಗಿ ಈ ಸಲ ಹೊಸ ಡಿಸೈನ್ ಗೋಜಿಗೇ ಹೋಗಲಿಲ್ಲ. ಹಳೇ ಡಿಸೈನ್, ಹಳೇ ಮುತ್ತು. ಹೊತ್ತೆಲ್ಲ ಕೊಂಡಿಗಳ ಮೇಲೆ ಹಾಕಿದೆ.

ಬಳಸಿದ ಸಾಮಾನು: ರೌಂಡ್ ನೋಸ್ ಪ್ಲೈಯರ್, ಚೈನ್ ನೋಸ್ ಪ್ಲೈಯರ್ ಎರಡು, ಫ್ಲಶ್ ಕಟರ್, ಕ್ರಿಂಪಿಂಗ್ ಪ್ಲೈಯರ್, ಸಣ್ಣ ಅರ, 400, 800, 1200ರ ಎಮರಿ ಪೇಪರ್, ವರ್ನಿಯರ್ ಕ್ಯಾಲಿಪರ್, ಚಿಕ್ಕ ಗ್ಯಾಸ್ ಟಾರ್ಚ್, ಗರಗಸದ ಫ್ರೇಮು, ನುಣುಪು ಮುಖದ ಸುತ್ತಿಗೆ, ಅಡಿಗೆ ಉಕ್ಕಿನ ಹಲಗೆ.

1. ತಂತಿ

ಮೊದಲ ತೊಂದರೆ ಇಲ್ಲೇ. '20 ಗೇಜ್' ಅಂತ ಎರಡು ಕಡೆಯಿಂದ ತಂತಿ ತರಿಸಿದ್ದೆ. ಎರಡನ್ನೂ ಬೆರಳಲ್ಲಿ ಉರುಳಿಸಿದರೆ ಒಂದು ದಪ್ಪ ಅನಿಸಿತು. ವರ್ನಿಯರ್ ಇಟ್ಟು ನೋಡಿದರೆ ಒಂದು 0.81 ಮಿ.ಮೀ., ಇನ್ನೊಂದು 0.91 ಮಿ.ಮೀ. ಇಬ್ಬರೂ ಮೋಸ ಮಾಡಿರಲಿಲ್ಲ. ಅಮೆರಿಕದ ಗೇಜ್ ಬೇರೆ, ಬ್ರಿಟಿಷ್ ಗೇಜ್ ಬೇರೆ. ನಂಬರ್ ಒಂದೇ, ದಪ್ಪ ಬೇರೆ.

0.1 ಮಿ.ಮೀ.ಗೆ ಏನಾಗಿಬಿಡುತ್ತೆ ಅಂತ ಅನಿಸಬಹುದು. ಎರಡು ಕಡೆ ಪೆಟ್ಟು ಬೀಳುತ್ತದೆ. ಒಂದು, ಕಿವಿಗೆ. ದಪ್ಪ ತಂತಿಯಲ್ಲಿ ಮಾಡಿದ ಹಿಂದಿನ ಲೋಲಾಕಿಗೆ "ತುಂಬಾ ಚೆನ್ನಾಗಿದೆ, ಆದ್ರೆ ಕಿವಿಗೆ ಹೋಗ್ತಿಲ್ಲ" ಅಂತ ಮೆಸೇಜ್ ಬಂದಿತ್ತು. ಎರಡು, ಲೆಕ್ಕಕ್ಕೆ. ಬೆಳ್ಳಿ ತಂತಿಯನ್ನು ನಾವು ತೂಕದಲ್ಲಿ ಕೊಳ್ಳುತ್ತೇವೆ, ಉದ್ದದಲ್ಲಿ ಬಳಸುತ್ತೇವೆ. 925 ಬೆಳ್ಳಿಯಲ್ಲಿ 0.8 ಮಿ.ಮೀ. ತಂತಿ ಮೀಟರಿಗೆ ಸುಮಾರು 5.2 ಗ್ರಾಂ ತೂಗುತ್ತದೆ. 0.91 ಆದರೆ 6.7 ಗ್ರಾಂ. ಅಂದರೆ 100 ಗ್ರಾಂ ಕೊಂಡರೆ ಒಂದರಲ್ಲಿ 19 ಮೀಟರ್ ಸಿಗುತ್ತದೆ, ಇನ್ನೊಂದರಲ್ಲಿ 15 ಮೀಟರ್ ಮಾತ್ರ. ಈಗ ಗೇಜ್ ಮಾತೇ ಎತ್ತುವುದಿಲ್ಲ. ಎಲ್ಲಿ ಕೊಂಡರೂ ಮಿ.ಮೀ.ನಲ್ಲಿ ಕೇಳುತ್ತೇನೆ, ಬಂದ ಮೇಲೆ ಅಳೆದು ಸುರುಳಿಗೆ ಚೀಟಿ ಕಟ್ಟುತ್ತೇನೆ.

ಕೊಕ್ಕೆಗೆ 0.8, ಮುತ್ತು ಪೋಣಿಸುವ ಪಿನ್ನಿಗೆ 0.5. ಎರಡೂ 925. ಅಂದರೆ ನೂರಕ್ಕೆ 92.5 ಭಾಗ ಬೆಳ್ಳಿ, ಉಳಿದಿದ್ದು ಸಾಮಾನ್ಯವಾಗಿ ತಾಮ್ರ. ಅಪ್ಪಟ ಬೆಳ್ಳಿ ಕೊಕ್ಕೆಗೆ ಆಗಿಬರುವುದಿಲ್ಲ, ತೀರಾ ಮೆದು.

ಪಾಲಿಶ್ ಹಾಕಿದ ರೆಡಿಮೇಡ್ ಕೊಕ್ಕೆಗಳನ್ನು ಬಿಟ್ಟಿದ್ದೇನೆ. ಮೇಲಿನ ಪದರ ಸವೆದ ಮೇಲೆ ಅಡಿಯಲ್ಲಿ ನಿಕಲ್ ಇದ್ದರೆ ಕೆಲವರ ಕಿವಿ ಕೆಂಪಾಗಿ ತುರಿಸುತ್ತದೆ. ಚುಚ್ಚಿದ ಜಾಗಕ್ಕೆ ಹಾಕುವ ಒಡವೆಯಿಂದ ವಾರಕ್ಕೆ ಚದರ ಸೆಂಟಿಮೀಟರಿಗೆ 0.2 ಮೈಕ್ರೋಗ್ರಾಂಗಿಂತ ಜಾಸ್ತಿ ನಿಕಲ್ ಹೊರಬರಬಾರದು ಅಂತ ಯುರೋಪಿನ ಒಕ್ಕೂಟ ಮಿತಿ ಹಾಕಿದೆ. ಮನೆಯಲ್ಲಿ ಕೂತು ಅದನ್ನು ಅಳೆಯೋಕೆ ಆಗಲ್ಲ. ಒಳಗೆ ಏನಿದೆ ಅಂತ ಗೊತ್ತಿಲ್ಲದ ಲೋಹವನ್ನು ಕಿವಿಗೆ ಹಾಕಲು ಕೊಡದೆ ಇರೋದು ನಮ್ಮ ಕೈಲಿದೆ.

2. ಕೊಕ್ಕೆ

ಒಂದು ಕೊಕ್ಕೆಗೆ 45 ಮಿ.ಮೀ. ತಂತಿ. ಜೊತೆಗೆ 90 ಮಿ.ಮೀ., ತೂಕದಲ್ಲಿ ಅರ್ಧ ಗ್ರಾಂಗಿಂತ ಸ್ವಲ್ಪ ಕಮ್ಮಿ. ಇಪ್ಪತ್ತನಾಲ್ಕು ತುಂಡು ಕತ್ತರಿಸಿ, ನಾಲ್ಕು ಹೆಚ್ಚಿಗೆ ಇಟ್ಟುಕೊಂಡೆ.

ಫ್ಲಶ್ ಕಟರ್‌ಗೆ ಎರಡು ಮುಖ. ಒಂದು ಕಡೆ ಚಪ್ಪಟೆ ಕಟ್ ಬೀಳುತ್ತದೆ, ಇನ್ನೊಂದು ಕಡೆ ಚೂಪು ಏಣು ಉಳಿಯುತ್ತದೆ. ಒಂದು ತುಂಡು ಕತ್ತರಿಸಿದ ಮೇಲೆ ಕಟರ್ ತಿರುಗಿಸಿ ಸುರುಳಿಯ ತುದಿಯನ್ನು ಒಂದು ಚೂರು ಸವರಿಕೊಂಡು ಮುಂದಿನದಕ್ಕೆ ಹೋಗಬೇಕು. ಬೇಸರದ ಕೆಲಸ, ಆದರೆ ಇಲ್ಲಿ ಉಳಿಸಿದ ಹೊತ್ತು ಅರ ಹಾಕುವಾಗ ದುಪ್ಪಟ್ಟಾಗಿ ಹೋಗುತ್ತದೆ.

ತುದಿಯಲ್ಲಿ ಸಣ್ಣ ಕುಣಿಕೆ ಮಾಡಿ, ಮಾರ್ಕರ್ ಪೆನ್ನಿನ ಕೊಳವೆಗೆ ತಂತಿ ಸುತ್ತಿ ಬಾಗಿಸಿದೆ. ನನ್ನ ಪೆನ್ನಿನ ಅಡ್ಡಳತೆ 9 ಮಿ.ಮೀ. ಜೊತೆಯ ಎರಡೂ ತಂತಿಯನ್ನು ಒಟ್ಟಿಗೆ ಹಿಡಿದು ಒಂದೇ ಸಲ ಬಾಗಿಸಬೇಕು. ಬೇರೆ ಬೇರೆಯಾಗಿ ಬಾಗಿಸಿದರೆ ಎಷ್ಟೇ ಹುಷಾರಾಗಿದ್ದರೂ ಒಂದು ತೂಗು ಹಾಕಿದಾಗ ಕೆಳಗೆ ಬರುತ್ತದೆ.

ಕಿವಿಗೆ ಹೋಗುವ ತುದಿಯನ್ನು ಅರದಲ್ಲಿ ದುಂಡಗೆ ಮಾಡಿ, ಆಮೇಲೆ ಎಮರಿ 400, 800, 1200. ಕಣ್ಣಿಗೆ ನುಣುಪು ಕಂಡರೆ ಸಾಲದು. ಹಳೇ ನೈಲಾನ್ ಬಟ್ಟೆಯ ಮೇಲೆ ತುದಿಯನ್ನು ಎಳೆದು ನೋಡುತ್ತೇನೆ. ಒಂದು ಎಳೆ ಸಿಕ್ಕಿಕೊಂಡರೂ ಮತ್ತೆ 800ಕ್ಕೆ ವಾಪಸ್. ಈ ಪರೀಕ್ಷೆಯಲ್ಲಿ ಮೊದಲ ಸಲ ಅರ್ಧಕ್ಕರ್ಧ ಕೊಕ್ಕೆಗಳು ಫೇಲ್. ಕಾರಣ ನೋಡಿದರೆ, ಅರವನ್ನು ಒಂದೇ ಕಡೆಯಿಂದ ಎಳೆಯುತ್ತಿದ್ದೆ. ತುದಿಯ ಆಚೆ ಬದಿಯಲ್ಲಿ ಕೂದಲೆಳೆಯಷ್ಟು ಏಣು ಎದ್ದು ನಿಲ್ಲುತ್ತಿತ್ತು. ಬೆರಳಲ್ಲಿ ತಂತಿ ಉರುಳಿಸುತ್ತಾ ಅರ ಹಾಕಿದ ಮೇಲೆ ಸರಿಹೋಯಿತು.

ಇನ್ನು ಗಟ್ಟಿ ಮಾಡುವುದು. ಬರೀ ಬಾಗಿಸಿದ ಬೆಳ್ಳಿ ತಂತಿ ಬಳಸುತ್ತಾ ಬಳಸುತ್ತಾ ಅಗಲವಾಗುತ್ತದೆ. ವಾಪಸ್ ಬಂದ ಕೊಕ್ಕೆಗಳೆಲ್ಲ ಇದೇ ರೀತಿ ಬಾಯಿ ತೆರೆದಿದ್ದವು. ಬಾಗಿದ ಭಾಗವನ್ನು ಉಕ್ಕಿನ ಹಲಗೆಯ ಮೇಲಿಟ್ಟು ನುಣುಪು ಸುತ್ತಿಗೆಯಲ್ಲಿ ಹಗುರವಾಗಿ ತಟ್ಟಿದರೆ ಅಲ್ಲಿ ಬೆಳ್ಳಿ ಬಿಗಿಯಾಗುತ್ತದೆ. ಎಲ್ಲಿ ತಟ್ಟಬೇಕು ಅನ್ನುವುದು ಮುಖ್ಯ. ಕಿವಿಯ ತೂತಿನಲ್ಲಿ ಕೂರುವ ಜಾಗವನ್ನು ತಟ್ಟಿದರೆ ಅದು ಚಪ್ಪಟೆಯಾಗಿ ಅಂಚು ಬರುತ್ತದೆ. ಆಮೇಲೆ ಅದು ಕಿವಿಯನ್ನು ಕೊರೆಯುತ್ತದೆ. ಮುಂದಿನ ಬಾಗು ಮಾತ್ರ ತಟ್ಟಿ, ಒಳಗೆ ಹೋಗುವ ಭಾಗ ದುಂಡಗೇ ಬಿಟ್ಟೆ. ಕೊನೆಗೆ ಎಲ್ಲವನ್ನೂ ಟಂಬ್ಲರ್‌ನಲ್ಲಿ (ಪಾಲಿಶ್ ಮಾಡುವ ತಿರುಗು ಡಬ್ಬಿ) ಉಕ್ಕಿನ ಕಾಳು, ನೀರು, ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಹಾಕಿ ಎರಡು ಗಂಟೆ ತಿರುಗಿಸಿದೆ. ಹೊಳಪು ಬರುತ್ತದೆ, ಜೊತೆಗೆ ಇನ್ನಷ್ಟು ಗಟ್ಟಿಯಾಗುತ್ತದೆ.

3. ರಿಂಗ್, ಬೆಸುಗೆ

ಕೊಕ್ಕೆಗೂ ಮುತ್ತಿಗೂ ನಡುವೆ ಒಂದು ರಿಂಗ್. ಹಿಂದೆ ಇದನ್ನು ಸುಮ್ನೆ ಪ್ಲೈಯರ್‌ನಲ್ಲಿ ಮುಚ್ಚಿ ಬಿಡುತ್ತಿದ್ದೆ. ಬಾಯಿ ಬಿಟ್ಟಿದ್ದು ಇವೇ. ಈ ಸಲ ಎಲ್ಲವನ್ನೂ ಬೆಸೆದೆ.

0.8 ತಂತಿಯನ್ನು 4 ಮಿ.ಮೀ. ಕಡ್ಡಿಗೆ ಒತ್ತೊತ್ತಾಗಿ ಸುತ್ತಿ ಸುರುಳಿ ಮಾಡಬೇಕು. ಒಂದು ಸುತ್ತಿಗೆ ಎಷ್ಟು ತಂತಿ ಅಂತ ತಿಳಿಯಲು ಒಳ ಅಡ್ಡಳತೆಗೆ ತಂತಿಯ ದಪ್ಪ ಕೂಡಿ 3.14ರಿಂದ ಗುಣಿಸಿ. ಇಲ್ಲಿ 4.8 ಗುಣಿಸು 3.14, ಅಂದರೆ 15 ಮಿ.ಮೀ. ಮೂವತ್ತು ರಿಂಗಿಗೆ 45 ಸೆಂ.ಮೀ. ಬೆರಳುಂಗುರ ಮಾಡುವಾಗಲೂ ಇದೇ ಲೆಕ್ಕ. ದಪ್ಪ ಕೂಡುವುದನ್ನು ಬಿಟ್ಟರೆ ಉಂಗುರ ಬಿಗಿಯಾಗುತ್ತದೆ.

ಕಟರ್‌ನಲ್ಲಿ ಕತ್ತರಿಸಿದ ರಿಂಗಿನ ಎರಡು ತುದಿ ಸರಿಯಾಗಿ ಕೂಡುವುದಿಲ್ಲ, ಮಧ್ಯೆ 'ವಿ' ಆಕಾರದ ಸಂದು ಉಳಿಯುತ್ತದೆ. ಬೆಸುಗೆ ಸಂದು ತುಂಬುವುದಿಲ್ಲ, ಕೂಡಿದ ಜಾಗದಲ್ಲಿ ಹರಿಯುತ್ತದೆ ಅಷ್ಟೇ. ಹಾಗಾಗಿ ಗರಗಸ. 2/0 ಬ್ಲೇಡು, ಹಲ್ಲು ಹಿಡಿಯ ಕಡೆಗೆ ಕೆಳಮುಖವಾಗಿ. ಬ್ಲೇಡಿಗೆ ಮೇಣದ ಬತ್ತಿ ಉಜ್ಜಿದರೆ ಮುರಿಯುವುದು ಕಮ್ಮಿ. ಕಮ್ಮಿ ಅಂದೆ, ಮುರಿಯುವುದಿಲ್ಲ ಅನ್ನಲಿಲ್ಲ.

ರಿಂಗ್ ಮುಚ್ಚುವಾಗ ಎರಡು ಪ್ಲೈಯರ್ ಹಿಡಿದು ಒಂದು ತುದಿ ಮುಂದೆ, ಒಂದು ತುದಿ ಹಿಂದೆ ತಳ್ಳಿ ತರಬೇಕು. ಅಗಲಿಸಿ ತೆರೆದರೆ ದುಂಡು ಕೆಡುತ್ತದೆ. ಮುಚ್ಚಿದ ಮೇಲೆ ದೀಪಕ್ಕೆ ಹಿಡಿದು ನೋಡಿ. ಸಂದಿನಲ್ಲಿ ಬೆಳಕು ಕಂಡರೆ ಬೆಸೆಯಬೇಡಿ.

ಬಿಳಿಗಾರದ ಪೇಸ್ಟ್ ಹಚ್ಚಿ, ಜೋಡಣೆಯ ಕೆಳಗೆ ಒಂದು ಮಿ.ಮೀ.ಗಿಂತ ಚಿಕ್ಕ ಬೆಸುಗೆ ಚೂರು ಇಟ್ಟೆ. ಚೂರು ಕ್ಯಾಡ್ಮಿಯಂ ಇಲ್ಲದ್ದೇ ಆಗಿರಲಿ. ಕ್ಯಾಡ್ಮಿಯಂ ಹೊಗೆ ವಿಷ, ಮನೆಯೊಳಗೆ ಅದಕ್ಕೆ ಜಾಗವೇ ಇಲ್ಲ. ಕಿಟಕಿ ಪೂರ್ತಿ ತೆರೆದಿರಬೇಕು ಅಂತ ಬೇರೆ ಹೇಳಬೇಕಿಲ್ಲ ಅಲ್ವಾ.

ಟಾರ್ಚ್ ಉರಿಯನ್ನು ಬೆಸುಗೆಯ ಮೇಲೆ ಹಿಡಿದರೆ ಚೂರು ಗುಂಡಗಾಗಿ ಅಲ್ಲೇ ಕೂರುತ್ತದೆ, ಹರಿಯುವುದಿಲ್ಲ. ರಿಂಗ್ ಪೂರ್ತಿ ಕಾಯಬೇಕು. ಮೊದಲು ಬಿಳಿಗಾರ ಉಬ್ಬಿ ಬೆಳ್ಳಗಾಗುತ್ತದೆ, ಚೂರು ಸರಿದು ಹೋಗುವುದು ಇದೇ ಹೊತ್ತಿನಲ್ಲಿ. ಸೂಜಿಯಲ್ಲಿ ತಳ್ಳಿ ವಾಪಸ್ ಇಡಬೇಕು. ಆಮೇಲೆ ಬಿಳಿಗಾರ ಕರಗಿ ಗಾಜಿನ ಥರ ಪಾರದರ್ಶಕ ಆಗುತ್ತದೆ. ಅದಾದ ಸ್ವಲ್ಪ ಹೊತ್ತಿಗೆ ಜೋಡಣೆಯ ಉದ್ದಕ್ಕೂ ಒಂದು ಬೆಳ್ಳಿ ಗೆರೆ ಪಳಕ್ಕನೆ ಓಡುತ್ತದೆ. ಆ ಕ್ಷಣವೇ ಉರಿ ತೆಗೆಯಬೇಕು. ಇನ್ನೊಂದು ಕ್ಷಣ ನೋಡೋಣ ಅಂತ ಕಾದರೆ 0.8 ತಂತಿಯ ರಿಂಗ್ ಕುಸಿದು ಬೆಳ್ಳಿ ಗುಂಡಾಗುತ್ತದೆ. ಹೆಚ್ಚಿಗೆ ಮಾಡಿಟ್ಟ ರಿಂಗುಗಳಲ್ಲಿ ಬಹುಪಾಲು ಹೋಗಿದ್ದು ಹೀಗೇ.

ಬೆಸೆದ ಮೇಲೆ ಕಪ್ಪು ತೆಗೆಯಲು ಬೆಚ್ಚಗಿನ ನೀರಿಗೆ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಹಾಕಿ ರಿಂಗುಗಳನ್ನು ಬಿಟ್ಟೆ. ಆಗ ಒಂದು ಎಡವಟ್ಟಾಯಿತು. ರಿಂಗುಗಳನ್ನು ಕಟ್ಟಿದ್ದ ಕಬ್ಬಿಣದ ಬೈಂಡಿಂಗ್ ತಂತಿಯ ತುಂಡು ಅದರಲ್ಲೇ ಉಳಿದಿತ್ತು. ತೆಗೆದು ನೋಡಿದರೆ ಬೆಳ್ಳಿ ರಿಂಗೆಲ್ಲ ಗುಲಾಬಿ ಬಣ್ಣ! ಆ ನೀರಿನಲ್ಲಿ ಕರಗಿರುವ ತಾಮ್ರ, ಕಬ್ಬಿಣ ಬಿದ್ದರೆ ಬೆಳ್ಳಿಯ ಮೇಲೆ ಕೂರುತ್ತದೆ. ಒಂದೊಂದನ್ನೂ ಎಮರಿಯಲ್ಲಿ ಉಜ್ಜಿ ತೆಗೆಯಬೇಕಾಯಿತು. ಆ ಪಾತ್ರೆಗೆ ಈಗ ಪ್ಲಾಸ್ಟಿಕ್ ಚಿಮುಟವೇ ಗತಿ. ಅಡುಗೆಗೆ ಆ ಪಾತ್ರೆ ಮತ್ತೆ ಹೋಗುವಂತಿಲ್ಲ.

ಎರಡು ಸಂಗತಿ ಗುರುತು ಮಾಡಿಕೊಳ್ಳಿ. ಬೆಸುಗೆ ಕೆಲಸ ಮುತ್ತು ಕೈಗೆತ್ತಿಕೊಳ್ಳುವ ಮೊದಲೇ ಮುಗಿಯಬೇಕು, ಮುತ್ತು ಬೆಂಕಿ ತಡೆಯುವುದಿಲ್ಲ. ಹಾಗೇ ಬೆಸುಗೆ ಕೊಕ್ಕೆಯ ಹತ್ತಿರ ಬರಬಾರದು, ಕಾಯಿಸಿದರೆ ತಟ್ಟಿ ತಟ್ಟಿ ಗಟ್ಟಿ ಮಾಡಿದ್ದೆಲ್ಲ ಮತ್ತೆ ಮೆದುವಾಗುತ್ತದೆ. ಅದಕ್ಕೇ ರಿಂಗನ್ನು ಬೇರೆ ಬೆಸೆದು, ಕೊಕ್ಕೆಯ ಕುಣಿಕೆಯನ್ನು ಮಾತ್ರ ಬೆಸೆಯದೆ ಬಿಟ್ಟಿದ್ದೇನೆ. ನಾಳೆ ಕೊಕ್ಕೆ ಹೋದರೆ ಅದೊಂದನ್ನೇ ಬದಲಾಯಿಸಬಹುದು.

4. ಮುತ್ತಿಗೆ ಕುಣಿಕೆ

0.5 ತಂತಿಯ ಪಿನ್ ಮುತ್ತಿನ ತೂತಿಗೆ ಸಲೀಸಾಗಿ ಹೋಗಬೇಕು. ಮುತ್ತಿನ ತೂತು ಸಾಮಾನ್ಯವಾಗಿ ಗಾಜಿನ ಮಣಿಗಿಂತ ಸಣ್ಣ. ಪಿನ್ನಿನ ತಲೆಗೆ ಗುಂಡು ಮಾಡಲು ತಂತಿಯನ್ನು ಚಿಮುಟದಲ್ಲಿ ನೇರ ಕೆಳಮುಖ ಹಿಡಿದು ತುದಿಗೆ ಉರಿ ತೋರಿಸಬೇಕು. ಕರಗಿ ಗುಂಡು ಮೇಲಕ್ಕೆ ಏರುತ್ತದೆ. ತಂತಿ ಓರೆಯಾಗಿದ್ದರೆ ಗುಂಡೂ ಓರೆ.

ಕುಣಿಕೆ ಹೀಗೆ: ಮುತ್ತಿನ ಮೇಲೆ ಚೈನ್ ನೋಸ್ ತುದಿಯಲ್ಲಿ ತಂತಿ ಹಿಡಿದು, 2 ಮಿ.ಮೀ. ಬಿಟ್ಟು ಲಂಬಕೋನಕ್ಕೆ ಬಾಗಿಸಿ. ರೌಂಡ್ ನೋಸ್‌ಗೆ ಬದಲಾಯಿಸಿ ತಂತಿಯನ್ನು ಮೂತಿಯ ಮೇಲಿಂದ ಸುತ್ತಿ ತನ್ನಿ. ರಿಂಗ್ ಒಳಗೆ ಹಾಕಿ. ಆಮೇಲೆ ಬಿಟ್ಟಿದ್ದ 2 ಮಿ.ಮೀ. ಕತ್ತಿನ ಭಾಗಕ್ಕೆ ಎರಡೂವರೆ ಸುತ್ತು. ತುದಿ ಕತ್ತರಿಸಿ, ಉಳಿದ ಕೊನೆಯನ್ನು ಪ್ಲೈಯರ್‌ನಲ್ಲಿ ಒತ್ತಿ ಮಲಗಿಸಿ. ಮಲಗಿಸದಿದ್ದರೆ ಅದು ಕೂದಲನ್ನೂ ಶಾಲನ್ನೂ ಹಿಡಿದು ಎಳೆಯುತ್ತದೆ.

ಕೊನೆಯ ಅರ್ಧ ಸುತ್ತನ್ನು ಮುತ್ತಿನ ಮೇಲೆ ಒತ್ತಿ ಬಿಗಿ ಮಾಡುವ ಆಸೆ ಆಗುತ್ತದೆ, ನೋಡಲು ಅಚ್ಚುಕಟ್ಟು. ಮುತ್ತಿನ ಬಾಯಂಚು ಅಷ್ಟಕ್ಕೇ ಸಿಪ್ಪೆ ಏಳುತ್ತದೆ. ಕೂದಲೆಳೆಯಷ್ಟು ಜಾಗ ಬಿಡಿ.

ಎಲ್ಲಕ್ಕಿಂತ ಜಾಸ್ತಿ ತಲೆನೋವು ಕೊಟ್ಟಿದ್ದು ಕುಣಿಕೆಯ ಅಳತೆ. ಬೇಗ ಆಗುತ್ತೆ ಅಂತ ಮೊದಲು ಎಲ್ಲ ಎಡಗಿವಿಯವನ್ನೂ ಮಾಡಿ, ಆಮೇಲೆ ಬಲಗಿವಿಯವನ್ನು ಶುರು ಮಾಡಿದೆ. ಸಾಲಾಗಿ ತೂಗುಹಾಕಿ ನೋಡಿದರೆ ಕೊನೆ ಕೊನೆಯ ಜೊತೆಗಳಲ್ಲಿ ಬಲಗಡೆಯದು ಒಂದೂವರೆ ಮಿ.ಮೀ. ಉದ್ದ. ರೌಂಡ್ ನೋಸ್‌ನ ಮೂತಿ ಮೊನೆಯ ಕಡೆ ಸಣ್ಣ, ಬುಡದ ಕಡೆ ದಪ್ಪ. ಕೈ ದಣಿದಂತೆ ತಂತಿ ಗೊತ್ತಿಲ್ಲದೆ ಬುಡದ ಕಡೆ ಜಾರುತ್ತದೆ, ಕುಣಿಕೆ ದೊಡ್ಡದಾಗುತ್ತಾ ಹೋಗುತ್ತದೆ. ಪ್ಲೈಯರ್ ಮೂತಿಗೆ 3 ಮಿ.ಮೀ. ಅಡ್ಡಳತೆ ಇರುವ ಕಡೆ ಮಾರ್ಕರ್‌ನಲ್ಲಿ ಗೆರೆ ಎಳೆದೆ. ಗೆರೆ ಅಳಿಸಿ ಹೋಗುತ್ತಿತ್ತು, ಆದ್ದರಿಂದ ಸಣ್ಣ ಪಟ್ಟಿ ಟೇಪ್ ಸುತ್ತಿದೆ. ಆ ಮೇಲೆ ಎಡ ಒಂದು, ಬಲ ಒಂದು, ಜೊತೆಗೆ ಜೊತೆಯಾಗಿಯೇ ಮಾಡಿದೆ. ದಣಿವು ಬಂದರೂ ಎರಡಕ್ಕೂ ಒಂದೇ ದಣಿವು. ಅಳತೆ ಕೆಟ್ಟ ಜೊತೆಗಳನ್ನು ಕತ್ತರಿಸಿ ಮುತ್ತು ಬಿಡಿಸಿಕೊಂಡೆ, ಪಿನ್ನುಗಳು ಚೂರಿನ ಡಬ್ಬಿಗೆ ಹೋದವು. ಬೆಳ್ಳಿ ಚೂರನ್ನು ಎಸೆಯಬೇಡಿ, ತೂಕಕ್ಕೆ ವಾಪಸ್ ಕೊಡಬಹುದು.

5. ಸರ, ಜೊತೆಗೆ ಹಳೇ ಸರದ ರಿಪೇರಿ

ಸರ ಶುರು ಮಾಡುವ ಮೊದಲು ವಾಪಸ್ ಬಂದಿದ್ದ ಹಳೇ ಸರವನ್ನು ಬಿಚ್ಚಿದೆ. ಗೇರ್ ವೈರ್ (ಸಣ್ಣ ಉಕ್ಕಿನ ಎಳೆಗಳನ್ನು ಹೊಸೆದು ಮಾಡಿದ, ಸರ ಪೋಣಿಸುವ ತಂತಿ) ತುಂಡಾಗಿದ್ದು ಗೇರ್ ಲಾಕ್‌ನ ಅಂಚಿನಲ್ಲಿ. ಲೆನ್ಸ್ ಇಟ್ಟು ನೋಡಿದರೆ ಸಣ್ಣ ಎಳೆಗಳು ಒಂದೊಂದಾಗಿ ಕಡಿದಿದ್ದವು, ಒಟ್ಟಿಗೆ ಅಲ್ಲ. ಅಂದರೆ ಯಾರೋ ಜೋರಾಗಿ ಎಳೆದದ್ದಲ್ಲ, ದಿನಾ ಹಾಕಿ ತೆಗೆದು ಸವೆದದ್ದು. ಲಾಕನ್ನು ಆಗ ಸಾದಾ ಪ್ಲೈಯರ್‌ನಲ್ಲಿ ಚಪ್ಪಟೆ ಮಾಡಿದ್ದೆ. ಚಪ್ಪಟೆಯಾದ ಲಾಕ್‌ನ ಮೂಲೆ ಚೂಪಾಗಿತ್ತು. ಅದರ ಮೇಲೆ ತಂತಿ ಬಾಗುತ್ತಾ ಬಾಗುತ್ತಾ ಕಡಿದಿತ್ತು.

ಇನ್ನೂ ಒಂದು ಕಂಡಿತು. ಆ ಸರದಲ್ಲಿ ಮುತ್ತುಗಳು ಒಂದಕ್ಕೊಂದು ಒತ್ತಿಕೊಂಡು ಕೋಲಿನ ಹಾಗೆ ಸೆಟೆದು ನಿಂತಿದ್ದವು. ನೆಟ್ಟಗೆ ಮೇಜಿನ ಮೇಲಿಟ್ಟು ಕೊನೆಯ ಲಾಕ್ ಹಾಕಿದ್ದರ ಫಲ. ಕುತ್ತಿಗೆಗೆ ದುಂಡಾಗಿ ಬಾಗುವಾಗ ತಂತಿಗೆ ಸಡಿಲ ಬೇಕು, ಇರಲಿಲ್ಲ. ಎಳೆತವೆಲ್ಲ ಲಾಕ್ ಮೇಲೆ ಬಿತ್ತು.

ಹೊಸದಾಗಿ ಮಾಡಿದ್ದು ಹೀಗೆ. 0.38 ಮಿ.ಮೀ. ಗೇರ್ ವೈರ್, 49 ಎಳೆಯದ್ದು. 7 ಎಳೆಯದ್ದು ಅಗ್ಗ, ಆದರೆ ಬಿರುಸು, ಒಮ್ಮೆ ಮಡಚಿದರೆ ಗುರುತು ಹೋಗುವುದಿಲ್ಲ. ಸರದ ಉದ್ದ 45 ಸೆಂ.ಮೀ., ತಂತಿ ಕತ್ತರಿಸಿದ್ದು 60. ಕೊಂಡಿಯ ಜಾಗದಲ್ಲಿ ತಂತಿ ಸವೆಯದಂತೆ ವೈರ್ ಗಾರ್ಡ್ ಹಾಕಿದೆ, ಕುದುರೆ ಲಾಳದ ಆಕಾರದ ಪುಟ್ಟ ಕೊಳವೆ ಅದು. 2 ಮಿ.ಮೀ. ಲಾಕ್. ಕ್ರಿಂಪಿಂಗ್ ಪ್ಲೈಯರ್‌ನ ಒಳಗಿನ ಗುಂಡಿಯಲ್ಲಿ ಮೊದಲು ಒತ್ತಿದರೆ ಲಾಕ್ ನಡುವೆ ತಗ್ಗಾಗಿ ಎರಡು ತಂತಿ ಎರಡು ಕಡೆ ಬೇರೆಯಾಗುತ್ತವೆ. ಮುಂದಿನ ಗುಂಡಿಯಲ್ಲಿ ತಿರುಗಿಸಿ ಒತ್ತಿದರೆ ಮಡಚಿಕೊಂಡು ದುಂಡಗಾಗುತ್ತದೆ. ಒತ್ತುವ ಮೊದಲು ಎರಡು ತಂತಿ ಒಳಗೆ ಅಡ್ಡಹಾಯ್ದಿಲ್ಲ ಅಂತ ನೋಡಿಕೊಳ್ಳಿ. ಅಡ್ಡ ಇದ್ದರೆ ಒಂದು ಇನ್ನೊಂದನ್ನು ಕಡಿಯುತ್ತದೆ.

ಉಳಿದ ಬಾಲವನ್ನು ಪಕ್ಕದ ಎರಡು ಮುತ್ತಿನೊಳಗೆ ನುಗ್ಗಿಸಬೇಕು ಅಂತ ಎಲ್ಲರೂ ಹೇಳುತ್ತಾರೆ. ಮುತ್ತಿನ ತೂತಿಗೆ 0.38 ಎರಡು ಸಲ ಹೋಗುವುದೇ ಇಲ್ಲ. ತಳ್ಳಿ ತಳ್ಳಿ ಒಂದು ಮುತ್ತು ಸೀಳಿತು. ಲಾಕ್‌ನ ಪಕ್ಕ ಎರಡು ದೊಡ್ಡ ತೂತಿನ ಸಣ್ಣ ಬೆಳ್ಳಿ ಗುಂಡು ಹಾಕಿ ಬಾಲವನ್ನು ಅದರೊಳಗೆ ಅಡಗಿಸಿದೆ.

ಕೊನೆಯ ಲಾಕ್ ಹಾಕುವಾಗ ಸರವನ್ನು ಒಂದು ಬೋಗುಣಿಯ ಸುತ್ತ ದುಂಡಗೆ ಇಟ್ಟುಕೊಂಡೆ. 3 ಮಿ.ಮೀ. ಸಡಿಲ ತಾನಾಗಿಯೇ ಸಿಕ್ಕಿತು.

ಉದ್ದದ ಬಗ್ಗೆ ಒಂದು ಮಾತು. ಮುತ್ತು ದಪ್ಪವಾದಷ್ಟೂ ಸರ ಒಳಗಡೆ ಚಿಕ್ಕದಾಗುತ್ತದೆ. ಮುತ್ತಿನ ಅಡ್ಡಳತೆಯನ್ನು 3.14ರಿಂದ ಗುಣಿಸಿದಷ್ಟು ಕಳೆದುಹೋಗುತ್ತದೆ. 8 ಮಿ.ಮೀ. ಮುತ್ತಾದರೆ 25 ಮಿ.ಮೀ. 45 ಸೆಂ.ಮೀ. ಸರ ಕುತ್ತಿಗೆಗೆ ನಲವತ್ತೆರಡೂವರೆ. ಕೈಸರದಲ್ಲಂತೂ ಇದೇ ದೊಡ್ಡ ವ್ಯತ್ಯಾಸ. ಮಣಿಕಟ್ಟಿನ ಅಳತೆಗೆ ಈ ಲೆಕ್ಕ ಕೂಡಿ, ಮೇಲೆ ಒಂದೂವರೆ ಸೆಂ.ಮೀ. ಸಡಿಲ ಕೊಟ್ಟರೆ ಸರಿ ಕೂರುತ್ತದೆ.

ಪರೀಕ್ಷೆ: ಸರದ ಕೊಂಡಿ ಹಾಕಿ ಮೊಳೆಗೆ ತೂಗುಹಾಕಿ, ಕೆಳಗೆ ಎರಡು ಲೀಟರ್ ನೀರಿನ ಬಾಟಲಿ ಕಟ್ಟಿ ರಾತ್ರಿಯೆಲ್ಲ ಬಿಟ್ಟೆ. ಕೆಳಗೆ ದಿಂಬು ಇಟ್ಟಿದ್ದೆ, ಬಿದ್ದರೆ ಮುತ್ತು ಉಳಿಯಲಿ ಅಂತ. ಎರಡೂ ಸರ, ರಿಪೇರಿ ಆದ ಹಳೇದೂ ಪಾಸು.

6. ಲೆಕ್ಕ

ದುಡ್ಡಿನ ಅಂಕಿ ಊರಿಗೊಂದು ಥರ, ಬೆಳ್ಳಿ ದರ ದಿನಕ್ಕೊಂದು ಥರ. ಆದ್ದರಿಂದ ಒಂದು ಜೊತೆ ಲೋಲಾಕಿನ ಸಾಮಾನು ಖರ್ಚನ್ನು 100 ಅಂತ ಇಟ್ಟುಕೊಂಡು ಬರೆಯುತ್ತೇನೆ. ಬೆಳ್ಳಿ 38, ಮುತ್ತು 34, ಪ್ಯಾಕಿಂಗ್ 16, ಗ್ಯಾಸ್, ಬೆಸುಗೆ, ಎಮರಿ, ಬ್ಲೇಡು ಸೇರಿ 12.

ಹೊತ್ತನ್ನು ಫೋನ್ ಟೈಮರ್ ಇಟ್ಟು ಅಳೆದೆ. ಜೊತೆಗೆ ಕೊಕ್ಕೆ 8 ನಿಮಿಷ, ರಿಂಗ್ ಮತ್ತು ಬೆಸುಗೆ 7, ಕುಣಿಕೆ 9, ಪಾಲಿಶ್ 5, ಜೋಡಣೆ ಮತ್ತು ಪರೀಕ್ಷೆ 3. ಫೋಟೋ, ವಿವರ ಬರೆಯುವುದು, ಮೆಸೇಜಿಗೆ ಉತ್ತರ, ಪ್ಯಾಕಿಂಗ್ ಎಲ್ಲ ಸೇರಿ 13. ಈ ಹದಿಮೂರನ್ನು ಹಿಂದೆ ಲೆಕ್ಕಕ್ಕೇ ಹಿಡಿದಿರಲಿಲ್ಲ. ಪ್ಲೈಯರ್ ಕೈಯಲ್ಲಿ ಇಲ್ಲದಿದ್ದರೆ ಅದು ಕೆಲಸವೇ ಅಲ್ಲ ಅನ್ನೋ ಭಾವನೆ. ಒಟ್ಟು 45 ನಿಮಿಷ. ನನ್ನ ಗಂಟೆಯ ಕೂಲಿ ಪ್ರಕಾರ ಅದು 150. ಸಾಮಾನು ಸೇರಿ 250. ಮೇಲೆ ಐದರಲ್ಲೊಂದು ಭಾಗ ಲಾಭ ಸೇರಿಸಿ 300.

'ಸಾಮಾನಿನ ಮೂರು ಪಟ್ಟು ಬೆಲೆ ಇಡಿ' ಅನ್ನೋ ಸೂತ್ರ ಎಲ್ಲ ಕಡೆ ಓಡಾಡುತ್ತಿದೆ. ಈ ಜೊತೆಗೆ ಅದು ಆಕಸ್ಮಿಕವಾಗಿ ಸರಿಹೊಂದುತ್ತದೆ. ಇದೇ ಕೆಲಸವನ್ನು ತಾಮ್ರ ಮತ್ತು ಗಾಜಿನ ಮಣಿಯಲ್ಲಿ ಮಾಡಿದರೆ ಸಾಮಾನು 40ಕ್ಕೆ ಇಳಿಯುತ್ತದೆ, ಕೂಲಿ 150 ಹಾಗೇ ಇರುತ್ತದೆ. ಅಸಲು 190. ಮೂರು ಪಟ್ಟು ಅಂದರೆ 120! ಪ್ರತಿ ಜೊತೆಗೂ ಕೈಯಿಂದ ಹಾಕಿ ಮಾರಿದ ಹಾಗೆ. ದುಬಾರಿ ಕಲ್ಲು ಹಾಕಿದರೆ ಉಲ್ಟಾ, ಯಾರೂ ಕೊಳ್ಳದ ಬೆಲೆ ಬರುತ್ತದೆ. ಅಗ್ಗದ ಸಾಮಾನಿನ ಮೇಲೆ ಕೈಕೆಲಸ ಜಾಸ್ತಿ ಮಾಡುವವರಿಗೆ ಈ ಸೂತ್ರ ಶುದ್ಧ ನಷ್ಟ.

ಇನ್ನೊಂದು, ಅಂಗಡಿಯವರ ಕಮಿಷನ್. ಅವರು ನೂರಕ್ಕೆ 30 ಹಿಡಿಯುತ್ತಾರೆ ಅಂದರೆ ನಾನು 300ಕ್ಕೆ 30 ಪರ್ಸೆಂಟ್ ಸೇರಿಸಿ 390 ಇಡುತ್ತಿದ್ದೆ. ಅವರು 390ರ ಮೇಲೆ ಹಿಡಿಯುತ್ತಾರೆ. ಕೈಗೆ ಬರುವುದು 273. ಲಾಭದ ಅರ್ಧಕ್ಕಿಂತ ಜಾಸ್ತಿ ಅಲ್ಲೇ ಹೋಯಿತು. 300ನ್ನು 0.7ರಿಂದ ಭಾಗಿಸಬೇಕು, 429 ಬರುತ್ತದೆ. ನೇರ ಮಾರುವಾಗ ಕಮ್ಮಿ ಬೆಲೆ, ಅಂಗಡಿಯಲ್ಲಿ ಜಾಸ್ತಿ ಬೆಲೆ ಇಟ್ಟರೆ ಅಂಗಡಿಯವರು ಮುನಿಸಿಕೊಳ್ಳುತ್ತಾರೆ, ಅದು ನ್ಯಾಯವೂ ಹೌದು. ಎರಡು ಕಡೆಯೂ ಒಂದೇ ಬೆಲೆ ಇಡುವುದಾದರೆ ದೊಡ್ಡದನ್ನೇ ಇಡಬೇಕು.

7. ಫೋಟೋ, ಪ್ಯಾಕಿಂಗ್

ಬೆಳ್ಳಿ ಎದುರಿಗಿರುವ ಎಲ್ಲವನ್ನೂ ತೋರಿಸುತ್ತದೆ, ಫೋನು ಹಿಡಿದ ನನ್ನ ಕೈಯನ್ನೂ. ಬಿಸಿಲು ನೇರ ಬೀಳದ ಕಿಟಕಿ, ಗಾಜಿಗೆ ಬಟರ್ ಪೇಪರ್, ಎದುರುಗಡೆ ಬಿಳಿ ರಟ್ಟು. ಇಷ್ಟು ಸಾಕು. ವಿವರದಲ್ಲಿ ಕೊಕ್ಕೆಯಿಂದ ಕೆಳತುದಿಯವರೆಗಿನ ಉದ್ದ ಮಿ.ಮೀ.ನಲ್ಲಿ, ಒಂದರ ತೂಕ ಗ್ರಾಂನಲ್ಲಿ ಬರೆಯುತ್ತೇನೆ. ಕಿವಿಗೆ ಹಾಕಿದ ಒಂದು ಫೋಟೋ ಇರಲೇಬೇಕು. "ಇಷ್ಟು ಚಿಕ್ಕದಾ?" ಅನ್ನೋ ಮೆಸೇಜು ಇದಾದ ಮೇಲೆ ನಿಂತಿದೆ.

ಎರಡು ತೂತು ಮಾಡಿದ ಕಾರ್ಡಿಗೆ ಸಿಕ್ಕಿಸಿ, ಜಿಪ್ ಕವರಿನ ಗಾಳಿ ಒತ್ತಿ ತೆಗೆದು ಮುಚ್ಚಬೇಕು. ರಬ್ಬರ್ ಬ್ಯಾಂಡ್ ಹತ್ತಿರವೂ ಬೇಡ. ಅದರಲ್ಲಿ ಗಂಧಕ ಇರುತ್ತದೆ, ಬೆಳ್ಳಿ ಕಪ್ಪಾಗುವುದು ಗಂಧಕದಿಂದಲೇ. ಜೊತೆಗೆ ಕೊಕ್ಕೆ ಕಿವಿಯಿಂದ ಜಾರದಂತೆ ಹಾಕುವ ಸಿಲಿಕೋನ್ ಸ್ಟಾಪರ್ ಒಂದು ಜೊತೆ ಹೆಚ್ಚಿಗೆ, ಮತ್ತೆ ಒಂದು ಚೀಟಿ: ಮುತ್ತಿಗೆ ಸೆಂಟು, ವಿನೆಗರ್, ನಿಂಬೆರಸ ತಾಗಿಸಬೇಡಿ, ಮೆತ್ತನೆ ಬಟ್ಟೆಯಲ್ಲಿ ಒರೆಸಿಡಿ. ಮುತ್ತಿನ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್, ಹುಳಿ ತಾಗಿದರೆ ಸವೆಯುತ್ತದೆ. ಕೊಕ್ಕೆ ಬಾಗಿದರೆ ಪುಕ್ಕಟೆ ಬದಲಾಯಿಸಿ ಕೊಡುತ್ತೇನೆ ಅಂತಲೂ ಬರೆದಿದ್ದೇನೆ. ಎರಡು ನಿಮಿಷದ ಕೆಲಸ, ಬೆಳ್ಳಿ ಕಾಲು ಗ್ರಾಂ. ಅದಕ್ಕೆ ದುಡ್ಡು ಕೇಳುವುದು ನನಗೆ ಸರಿ ಕಾಣಲ್ಲ.

8. ಬಾಕಿ

ಹೆಚ್ಚಿಗೆ ಮಾಡಿದ್ದ ಒಂದು ಜೊತೆ ಮೇಜಿನ ಮೇಲೇ ಇದೆ. ಅದರ ಎಡಗಡೆ ಮುತ್ತಿನ ತೂತಿಗೆ 0.5 ಪಿನ್ ಹೋಗಲಿಲ್ಲ. ವಜ್ರದ ಪುಡಿ ಕೂರಿಸಿದ ರೀಮರ್‌ನಲ್ಲಿ ತೂತು ಅಗಲ ಮಾಡಲು ಹೊರಟೆ. ಮುತ್ತನ್ನು ನೀರಿನಲ್ಲಿ ಮುಳುಗಿಸಿಟ್ಟೇ ಮಾಡಬೇಕು. ಪುಡಿ ಮೂಗಿಗೆ ಹೋಗುವುದಿಲ್ಲ, ಮುತ್ತೂ ಬಿಸಿಯಾಗುವುದಿಲ್ಲ. ಮುಕ್ಕಾಲು ಪಾಲು ಚೆನ್ನಾಗಿ ಹೋಯಿತು. ಆಚೆ ಬದಿಗೆ ಹೊರಬರುವಾಗ ಬಾಯಂಚಿನ ಸಿಪ್ಪೆ ಎದ್ದಿತು. ಎರಡು ಕಡೆಯಿಂದಲೂ ಅರ್ಧರ್ಧ ಕೊರೆದಿದ್ದರೆ ಇದು ಆಗುತ್ತಿರಲಿಲ್ಲ.

ಸಿಪ್ಪೆ ಎದ್ದ ಜಾಗ ಮುಚ್ಚಲು 4 ಮಿ.ಮೀ. ಬೆಳ್ಳಿ ಟೋಪಿ ಹಾಕಬಹುದು. ಒಂದಕ್ಕೆ ಹಾಕಿದರೆ ಇನ್ನೊಂದಕ್ಕೂ ಬೇಕು, ಆಗ ಬಲಗಡೆಯ ಕುಣಿಕೆ ಕತ್ತರಿಸಿ ಹೊಸ ಪಿನ್ ಹಾಕಬೇಕು. ಟೋಪಿಗೆ ಹೇಳಿದ್ದೇನೆ, ಬಂದ ಮೇಲೆ ಎರಡನ್ನೂ ಒಟ್ಟಿಗೆ ಮಾಡುತ್ತೇನೆ.